ಇಳಿಜಾರಿನ ಕೋನ ಮೊದಲು, ಟಿಕೆಟ್ಟಿನ ದುಡ್ಡು ಆಮೇಲೆ

ಪ್ರಶ್ನೆ: ಸರ್, ನನಗೆ 31 ವರ್ಷ. ಊರು ತೀರ್ಥಹಳ್ಳಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಕುಮಾರಪರ್ವತ, ಕುದುರೆಮುಖ, ಕೊಡಚಾದ್ರಿ ಎಲ್ಲ ಹತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ಟ್ರೆಕಿಂಗ್ ಕಂಪನಿಯವರ ಜೊತೆ ಡಿಸೆಂಬರ್‌ನಲ್ಲಿ ಕೇದಾರಕಾಂಠಕ್ಕೆ ಹೋಗಿ ಬಂದೆ. ಹಿಮದ ಮೇಲೆ ನಡೆದ ಅನುಭವ ಅಷ್ಟೇ.

ಈಗ ನಮ್ಮ ಆಫೀಸಿನ ಆರು ಜನ ಸೇರಿ ಮನಾಲಿಗೆ ಹೊರಟಿದ್ದೇವೆ. ಫೆಬ್ರುವರಿ ಎರಡನೇ ವಾರ, ಸೋಲಂಗ್‌ನಿಂದ ಧುಂಡಿ ದಾಟಿ ಬಿಯಾಸ್ ಕುಂಡದ ಕಡೆಗೆ ಸ್ನೋಶೂ ಹಾಕಿಕೊಂಡು ಮೂರು ದಿನದ ನಡಿಗೆ. ಕಂಪನಿ ಇಲ್ಲ, ಅಲ್ಲಿಯ ಹುಡುಗನೊಬ್ಬ ದಾರಿ ತೋರಿಸುತ್ತಾನಂತೆ. ವಿಮಾನದ ಟಿಕೆಟ್ ಆಗಿದೆ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ.

ಹಿಮ ಕುಸಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ ತಂಡದಲ್ಲಿ ಅನುಭವಸ್ಥ ಅನ್ನಿಸಿಕೊಂಡವನು, "ಫೋನ್ ನೋಡು, ಆ ವಾರ ಪೂರ್ತಿ ಬಿಸಿಲು ತೋರಿಸ್ತಿದೆ. ಹಿಮ ಬಿದ್ರೂ ನಿಂತ ಮೇಲೆ ಹೊರಟ್ರಾಯ್ತು. ಸಿಕ್ಕಿಹಾಕಿಕೊಂಡ್ರೂ ನಮ್ಮ ಹನುಮಂತಪ್ಪ ಆರು ದಿನ ಬದುಕಿರ್ಲಿಲ್ವಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಹಸ್ರತಾಲ್ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ಅಮ್ಮನದು ಒಂದೇ ಹಟ, "ಹಿಮಾಲಯದ ಹೆಸರೆತ್ತಬೇಡ" ಅಂತ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ? ಹಿಮವೇ ಬೀಳದ ಊರಿನವರು ಈ ಅಪಾಯವನ್ನು ಅಳೆಯುವುದಾದರೂ ಹೇಗೆ? ಹೋಗಲೋ, ಬೇಡವೋ?

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಈಗಿರುವ ಯೋಜನೆಯಂತೆ ಹೋಗಬೇಡಿ. ಮನಾಲಿಗೆ ಹೋಗಬೇಡಿ ಎನ್ನುತ್ತಿಲ್ಲ, ಹಿಮದಲ್ಲಿ ನಡೆಯಬೇಡಿ ಎಂದೂ ಹೇಳುತ್ತಿಲ್ಲ. ಫೆಬ್ರುವರಿಯಲ್ಲಿ, ತರಬೇತಿಯಿಲ್ಲದ ಆರು ಮಂದಿ, ಎರಡೂ ಮಗ್ಗುಲಲ್ಲಿ ಕಡಿದಾದ ಗುಡ್ಡಗಳಿರುವ ಕಣಿವೆಯೊಳಗೆ ಮೂರು ದಿನ ಇರುವುದು ಬೇಡ. ಯೋಜನೆ ಬದಲಾದರೆ ಖಂಡಿತ ಹೋಗಿ. ಹೇಗೆ ಬದಲಾಗಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ನೀವು ಸುಮ್ಮನೆ ಹೆದರುತ್ತಿಲ್ಲ. ಆರು ಜನರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ನೀವೊಬ್ಬರೇ. ಉತ್ತರದ ಬದಲು ನಗು ಬಂದದ್ದರಿಂದ ನಿಮಗೆ ನಿಮ್ಮ ಮೇಲೇ ಅನುಮಾನ ಬಂದಿದೆ, ಅಷ್ಟೇ.

ಹಿಮ ಬೀಳದ ಊರಿನವರು ಅಪಾಯವನ್ನು ಅಳೆಯುವುದು ಹೇಗೆ ಎಂದಿರಿ. ಹಿಮದ ಪದರಗಳನ್ನು ಓದುವುದು ವರ್ಷಗಟ್ಟಲೆ ಬೆಟ್ಟದಲ್ಲೇ ಇದ್ದು ಕಲಿಯುವ ವಿದ್ಯೆ. ಕಲಿತವರ ಲೆಕ್ಕವೂ ತಪ್ಪುತ್ತದೆ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ-2 ಶಿಖರದ ಬಳಿ ಹಿಮ ಕುಸಿದಾಗ ಅದರಡಿ ಸಿಕ್ಕಿದ್ದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಉನ್ನತ ತರಬೇತಿ ತಂಡ. ಸತ್ತವರು, ಸಿಗದೇ ಹೋದವರು ಸೇರಿ 29 ಮಂದಿ. ಅವರಲ್ಲಿ ಬೋಧಕಿ ಸವಿತಾ ಕನ್ಸ್ವಾಲ್ ಕೂಡ ಇದ್ದರು. ಅದೇ ವರ್ಷ ಎವರೆಸ್ಟ್ ಮತ್ತು ಮಕಾಲು ಎರಡನ್ನೂ 16 ದಿನಗಳ ಅಂತರದಲ್ಲಿ ಏರಿದ್ದವರು ಅವರು. ಅಂಥವರ ಕಣ್ಣಿಗೂ ಸಿಗದ್ದು ಮೂರು ದಿನ ಸ್ನೋಶೂ ಹಾಕುವ ನಮಗೆ ಸಿಕ್ಕೀತು ಎಂದು ನಂಬಿ ಹೊರಡುವ ಹಾಗಿಲ್ಲ.

ಹಾಗಾದರೆ ನಮ್ಮ ಕೈಗೆ ಸಿಗುವುದು ಏನು? ಗುಡ್ಡದ ಕೋನ. ಹಿಮ ದಿನದಿಂದ ದಿನಕ್ಕೆ, ಒಮ್ಮೊಮ್ಮೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಇಳಿಜಾರಿನ ಕೋನ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅದನ್ನು ಬೆಂಗಳೂರಿನಲ್ಲಿ ಕೂತು ನಕ್ಷೆಯ ಮೇಲೆ ಅಳೆಯಬಹುದು. ಹಿಮ ಓದಲು ಬಾರದವರು ಮಾಡಬೇಕಾದ ಕೆಲಸ ಒಂದೇ: ಹಿಮವನ್ನು ಓದುವ ಅಗತ್ಯವೇ ಬೀಳದಂಥ ಜಾಗವನ್ನು ಆರಿಸಿಕೊಳ್ಳುವುದು. ಆ ಆಯ್ಕೆಯನ್ನು ಬೆಟ್ಟದ ಬುಡದಲ್ಲಲ್ಲ, ಮನೆಯಲ್ಲಿ ಮಾಡಬೇಕು.

ಇದಕ್ಕೆ ಹೋಗುವ ಮುನ್ನ ನಿಮ್ಮ ಸ್ನೇಹಿತ ಹೇಳಿದ ಮೂರು ಮಾತುಗಳನ್ನು ನೋಡೋಣ. ಮೂರೂ ಹಿಮಾಲಯಕ್ಕೆ ಹೊರಟ ನಮ್ಮವರ ಬಾಯಲ್ಲಿ ಪದೇ ಪದೇ ಬರುವ ಮಾತುಗಳು.

ಒಂದು, "ಆ ವಾರ ಪೂರ್ತಿ ಬಿಸಿಲು." ಫೋನಿನ ಆ್ಯಪ್ ಹದಿನೈದು ಇಪ್ಪತ್ತು ದಿನ ಮುಂದಿನದನ್ನೂ ತೋರಿಸುತ್ತದೆ. ಅದರಲ್ಲಿ ನೆಚ್ಚಬಹುದಾದದ್ದು ಮೊದಲ ನಾಲ್ಕೈದು ದಿನ ಮಾತ್ರ. ಇನ್ನೊಂದು ತೊಡಕೆಂದರೆ ಅದು ತೋರಿಸುವುದು ಮನಾಲಿ ಪೇಟೆಯ ಹವೆ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಬಿಯಾಸ್ ಕುಂಡ ಸುಮಾರು 3,700 ಮೀಟರ್‌ನಲ್ಲಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಪೇಟೆಯಲ್ಲಿ 2 ಡಿಗ್ರಿ ಇದ್ದಾಗ ಕುಂಡದ ಹತ್ತಿರ ಮೈನಸ್ 8 ಅಥವಾ 9 ಇರುತ್ತದೆ. ಅದರ ಮೇಲೆ ಗಾಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ಬರಿಮೈಗೆ ತಗಲುವ ಚಳಿ ಮೈನಸ್ 21ರಷ್ಟು. ಸೂರ್ಯನ ಚಿತ್ರ ನೋಡಿ ಜಾಕೆಟ್ ಆರಿಸುವವರು ಗಾಳಿಯ ಅಂಕಿಯನ್ನು ನೋಡುವುದೇ ಇಲ್ಲ.

ಚಳಿಗಾಲದಲ್ಲಿ ಆ ಕಡೆಗೆ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಒಂದರ ಹಿಂದೊಂದು ಬರುವ ಈ ವಾಯುಭಾರ ಕುಸಿತಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಜೋರು. ಒಳ್ಳೆಯ ಸುದ್ದಿಯೆಂದರೆ ಇವು ಹೇಳದೇ ಬರುವ ಅತಿಥಿಗಳಲ್ಲ. ಹವಾಮಾನ ಇಲಾಖೆಯ ಶಿಮ್ಲಾ ಕೇಂದ್ರ ಹಿಮಾಚಲದ ಜಿಲ್ಲೆವಾರು ಮುನ್ಸೂಚನೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೆಲವು ದಿನ ಮೊದಲೇ ಕೊಡುತ್ತದೆ. ಮನಾಲಿ ಇರುವ ಕುಲ್ಲು ಜಿಲ್ಲೆಗೆ ಯಾವ ಬಣ್ಣ ಬಂದಿದೆ ಎಂದು ನೋಡುವುದು ಆ್ಯಪ್‌ನ ಸೂರ್ಯನ ಚಿತ್ರ ನೋಡುವುದಕ್ಕಿಂತ ಉಪಯುಕ್ತ.

ಎರಡು, "ಹಿಮ ನಿಂತ ಮೇಲೆ ಹೊರಟರಾಯ್ತು." ಮೂರರಲ್ಲಿ ಅತಿ ಅಪಾಯದ ಮಾತು ಇದು. ಕೇಳುವುದಕ್ಕೆ ಎಷ್ಟು ವಿವೇಕದ್ದು ಅನ್ನಿಸುತ್ತದೆ ನೋಡಿ! ನಮ್ಮಲ್ಲಿ ಮಳೆ ನಿಂತ ಮೇಲೆ ಹೊರಡುವುದು ಬುದ್ಧಿವಂತಿಕೆಯೇ ಸರಿ. ಆದರೆ ಹಿಮ ಬಿದ್ದು ಹರಿದುಹೋಗುವುದಿಲ್ಲ, ಗುಡ್ಡದ ಮೇಲೇ ಕೂತಿರುತ್ತದೆ. ರಾತ್ರಿಯಿಡೀ ಸುರಿದು, ಬೆಳಿಗ್ಗೆ ಆಕಾಶ ತೊಳೆದಂತೆ ನೀಲಿಯಾಗಿ, ಮೂರು ದಿನ ಹೋಟೆಲಲ್ಲಿ ಕೂತವರೆಲ್ಲ ಹೊರಗೆ ಓಡುವ ಆ ಮೊದಲ ಬಿಸಿಲ ದಿನವೇ ಹಿಮಕುಸಿತಕ್ಕೆ ಹೆಸರಾದ ದಿನ.

ಅದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಚಳಿಗಾಲದ ಹಿಮ ಒಂದೇ ಗಟ್ಟಿ ರಾಶಿಯಲ್ಲ, ಒಂದೊಂದು ಸುರಿತದ ಒಂದೊಂದು ಪದರ. ನವೆಂಬರ್, ಡಿಸೆಂಬರ್‌ನಲ್ಲಿ ತೆಳ್ಳಗೆ ಬಿದ್ದ ಹಿಮ ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ ಒಳಗೊಳಗೇ ರೂಪ ಬದಲಿಸುತ್ತದೆ. ಅದರ ಹರಳುಗಳು ದಪ್ಪವಾಗಿ, ಒಂದಕ್ಕೊಂದು ಅಂಟಿಕೊಳ್ಳದೆ ಉದುರುದುರಾಗುತ್ತವೆ. ಅದರ ಮೇಲೆ ಜನವರಿ, ಫೆಬ್ರುವರಿಯ ದಪ್ಪ ಹಿಮ ಬೀಳುತ್ತದೆ. ಗಾಳಿ ಅದನ್ನು ಒತ್ತಿ ಗಟ್ಟಿ ಹಲಗೆಯಾಗಿ ಮಾಡುತ್ತದೆ. ಕೆಳಗೆ ಉದುರು ಪದರ, ಮೇಲೆ ಗಟ್ಟಿ ಹಲಗೆ, ನಡುವೆ ಹಿಡಿತವಿಲ್ಲ. ಅದರ ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಕೆಳಗಿನ ಪದರ ಕುಸಿದು, ಬಿರುಕು ಕ್ಷಣದಲ್ಲಿ ಗುಡ್ಡದ ಅಗಲಕ್ಕೂ ಓಡಿ, ಇಡೀ ಹಲಗೆ ಜಾರುತ್ತದೆ. ಬಹಳ ಸಲ ಬಿರುಕು ಬಿಡುವುದು ಕಾಲಿಟ್ಟವನ ತಲೆಯ ಮೇಲ್ಗಡೆ. ಹಿಮದಲ್ಲಿ ವಿಹಾರಕ್ಕೆ ಹೋದವರ ಪ್ರಾಣ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು ತಾವಾಗಿ ಬಿದ್ದವಲ್ಲ, ಸಿಕ್ಕಿಬಿದ್ದವರೋ ಅವರ ಜೊತೆಗಾರರೋ ಬೀಳಿಸಿದವು.

ಹೊಸ ಭಾರ ಬಿದ್ದಾಗ ಈ ಪದರಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಒಂದು ದಿನದಲ್ಲಿ ಒಂದು ಅಡಿ, ಅಂದರೆ 30 ಸೆಂಟಿಮೀಟರ್, ಹೊಸ ಹಿಮ ಬಿದ್ದು ಜೊತೆಗೆ ಗಾಳಿಯೂ ಇದ್ದರೆ ಕಡಿದಾದ ಗುಡ್ಡದ ಹತ್ತಿರ ಸುಳಿಯಬಾರದು. ಕನಿಷ್ಠ ಒಂದೆರಡು ದಿನ ಕಾಯಬೇಕು. ಅಡಿಯಲ್ಲಿ ಉದುರು ಪದರ ಇದ್ದರೆ ವಾರಗಟ್ಟಲೆ ಕಾದರೂ ಸಾಲದು. ಹಿಮ ಬೀಳದಿದ್ದರೂ ಗಾಳಿಯೊಂದೇ ಸಾಕು. ಏಣಿನ ಒಂದು ಮಗ್ಗುಲ ಹಿಮವನ್ನು ಕಿತ್ತು ಇನ್ನೊಂದು ಮಗ್ಗುಲಿಗೆ ಅದು ತುಂಬುವ ವೇಗ ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ಹೆಚ್ಚು. ಶುಭ್ರ ಆಕಾಶದ ದಿನ ಶಿಖರದ ತುದಿಯಿಂದ ಬಿಳಿ ಧೂಳು ಬಾವುಟದಂತೆ ಹಾರುತ್ತಿದ್ದರೆ ಎಲ್ಲರೂ ಫೋಟೊ ತೆಗೆಯುತ್ತಾರೆ. ಗಾಳಿಯ ಮರೆಯ ಆ ಮಗ್ಗುಲಲ್ಲಿ ಆಗ ಭಾರ ಏರುತ್ತಿರುತ್ತದೆ.

ಮೂರು, ಹನುಮಂತಪ್ಪನವರ ಮಾತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕವರು. ಆರು ದಿನದ ನಂತರ ಜೀವಂತ ಸಿಕ್ಕಾಗ ಕರ್ನಾಟಕವೇ ಉಸಿರು ಹಿಡಿದು ಕಾದಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರೊಂದಿಗಿದ್ದ ಒಂಬತ್ತು ಯೋಧರು ಮೊದಲೇ ಅಸುನೀಗಿದ್ದರು. ಹನುಮಂತಪ್ಪ ಅಷ್ಟು ದಿನ ಉಳಿದದ್ದು ಡೇರೆಯೊಳಗೆ ಉಸಿರಾಡಲು ಗಾಳಿ ಉಳಿದಿದ್ದರಿಂದ ಎಂದು ಆಗ ವರದಿಯಾಗಿತ್ತು. ಬಯಲಲ್ಲಿ ನಡೆಯುವವರಿಗೆ ಡೇರೆಯ ಮರೆ ಇರುವುದಿಲ್ಲ. ಜಾರಿ ಬಂದ ಹಿಮ ನಿಂತ ಕೂಡಲೇ ಗಟ್ಟಿಯಾಗುತ್ತದೆ, ಬೆರಳನ್ನೂ ಅಲ್ಲಾಡಿಸಲಾಗದು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತ ಉಸಿರುಗಟ್ಟುತ್ತದೆ. ಆಲ್ಪ್ಸ್ ಪರ್ವತಗಳಲ್ಲಿ ದಶಕಗಳಿಂದ ಇಟ್ಟ ಲೆಕ್ಕ ಹೇಳುವುದು ಇದು: ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹತ್ತು ನಿಮಿಷದಲ್ಲಿ ಮನಾಲಿಯಿಂದ ಯಾರೂ ಬರಲಾರರು. ತೆಗೆಯಬೇಕಾದವರು ಪಕ್ಕದಲ್ಲಿರುವ ಐದು ಜನ.

ಅವರು ತೆಗೆಯಬೇಕಾದರೆ ಪ್ರತಿಯೊಬ್ಬರ ಮೈಮೇಲೂ ಟ್ರಾನ್ಸೀವರ್, ಚೀಲದಲ್ಲಿ ಮಡಚುವ ಶೋಧ ಕೋಲು ಮತ್ತು ಲೋಹದ ಸಲಿಕೆ ಇರಬೇಕು. ಟ್ರಾನ್ಸೀವರ್ 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುವ, ಇನ್ನೊಬ್ಬರ ಸಂಕೇತ ಹಿಡಿಯುವ ಪುಟ್ಟ ಯಂತ್ರ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಕೆಲಸಕ್ಕೆ ಬರುವುದಿಲ್ಲ. ಮೂರೂ ಇದ್ದು ಅಭ್ಯಾಸ ಇಲ್ಲದಿದ್ದರೂ ಅಷ್ಟೇ. ನಿಮ್ಮ ತಂಡದಲ್ಲಿ ಇವು ಎಷ್ಟು ಜನರ ಬಳಿ ಇವೆ ಎಂದು ಕೇಳಿ. ಉತ್ತರ ಸೊನ್ನೆ ಎಂದಾದರೆ ಕುಸಿಯಬಲ್ಲ ಗುಡ್ಡದ ಕೆಳಗೆ ನಿಮಗೆ ಕೆಲಸವಿಲ್ಲ. ಹಾಗೆಂದು ಇವನ್ನು ಕೊಂಡ ಮಾತ್ರಕ್ಕೆ ಕಡಿದಾದ ಗುಡ್ಡಕ್ಕೆ ಪರವಾನಗಿ ಸಿಕ್ಕಿತು ಎಂದೂ ತಿಳಿಯಬೇಡಿ. ಹಿಮದ ಜೊತೆ ಉರುಳಿ ಬಂಡೆಗೋ ಮರಕ್ಕೋ ಬಡಿದು ಸಾಯುವವರಿಗೆ ಯಾವ ಯಂತ್ರವೂ ಉಪಯೋಗವಿಲ್ಲ.

ಈಗ ಕೋನದ ವಿಷಯ. ಹಲಗೆಯಾಗಿ ಜಾರುವ ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹುಟ್ಟುತ್ತವೆ. 30ಕ್ಕಿಂತ ಕಡಿಮೆಯಿದ್ದರೆ ಹಿಮ ಜಾರುವುದು ವಿರಳ. ತೀರಾ ಕಡಿದಾಗಿದ್ದರೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ. 30 ಡಿಗ್ರಿ ಎಂದರೆ ಎಷ್ಟು? ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ನೋಡಿ. ಆರಿಂಚು ಎತ್ತರ, ಹತ್ತಿಂಚು ಅಗಲದ ಮೆಟ್ಟಿಲ ಸಾಲು ಏರುವುದು ಸುಮಾರು 31 ಡಿಗ್ರಿಯಲ್ಲಿ. ಹಿಮದ ಮೇಲೆ ನಿಂತಾಗ ಆ ಕೋನ ಏನೇನೂ ಭಯ ಹುಟ್ಟಿಸುವುದಿಲ್ಲ, ಆಟವಾಡೋಣ ಅನ್ನಿಸುತ್ತದೆ. ಅದಕ್ಕೇ ಕಣ್ಣಳತೆ ನಂಬಬಾರದು. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಹಾಕಿಕೊಳ್ಳಿ. ನಡೆಗೋಲನ್ನು ಇಳಿಜಾರಿನುದ್ದಕ್ಕೆ ಹಿಮದ ಮೇಲೆ ಮಲಗಿಸಿ ಫೋನನ್ನು ಅದರ ಮೇಲಿಟ್ಟರೆ ಅಂಕಿ ಬರುತ್ತದೆ.

ಮನೆಯಲ್ಲಿ ಕೂತು ಅಳೆಯಲು 1:50,000 ಪ್ರಮಾಣದ ನಕ್ಷೆ ಸಾಕು. ಅದರಲ್ಲಿ ಎರಡು ಸಮೋನ್ನತಿ ರೇಖೆಗಳ ನಡುವೆ 40 ಮೀಟರ್ ಎತ್ತರದ ಅಂತರವಿದ್ದು, ರೇಖೆಗಳು 1.4 ಮಿಲಿಮೀಟರ್‌ಗಿಂತ ಹತ್ತಿರ ಬಂದರೆ ಅಲ್ಲಿಯ ಇಳಿಜಾರು 30 ಡಿಗ್ರಿ ದಾಟಿತು ಎಂದೇ ಲೆಕ್ಕ. ನಕ್ಷೆ ತೋರಿಸುವುದು ಸರಾಸರಿ ಮಾತ್ರ, ನಡುವೆ ಸಣ್ಣ ಕಡಿದಾದ ತುಂಡುಗಳು ಅಡಗಿರುತ್ತವೆ. ಹಾಗಾಗಿ 25 ಡಿಗ್ರಿಗೇ ನಿಮ್ಮ ಗೆರೆ ಎಳೆದುಕೊಳ್ಳಿ.

ನಿಮ್ಮ ಕಾಲಕೆಳಗಿನ ಕೋನ ಅಳೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಹೆಚ್ಚಿನವರು ಮರೆಯುತ್ತಾರೆ. ನೀವು ಸಪಾಟು ಬಯಲಲ್ಲಿ ಡೇರೆ ಹಾಕಿದ್ದರೂ ಮೇಲಿನ ಗುಡ್ಡ ಬಂದು ನಿಮ್ಮನ್ನು ಮುಟ್ಟಬಹುದು. 2025ರ ಫೆಬ್ರುವರಿ 28ರ ಬೆಳಿಗ್ಗೆ ಬದರಿನಾಥದ ಆಚೆಯ ಮಾಣಾದಲ್ಲಿ ಗಡಿ ರಸ್ತೆಯ ಕೆಲಸಗಾರರು ಯಾವ ಗುಡ್ಡವನ್ನೂ ಹತ್ತುತ್ತಿರಲಿಲ್ಲ, ತಂಗಿದ್ದ ಲೋಹದ ಕಂಟೇನರುಗಳಲ್ಲಿ ಇದ್ದರು. ಹಿಮ ಅಲ್ಲಿಗೇ ಬಂತು. 54 ಜನರಲ್ಲಿ 46 ಮಂದಿಯನ್ನು ಉಳಿಸಲಾಯಿತು, ಎಂಟು ಮಂದಿ ಸತ್ತರು. ಮಾಣಾ ಇರುವ ಚಮೋಲಿ ಜಿಲ್ಲೆಯ 2,400 ಮೀಟರ್‌ಗಿಂತ ಮೇಲಿನ ಜಾಗಗಳಿಗೆ ಹಿಂದಿನ ಸಂಜೆಯೇ ಎಚ್ಚರಿಕೆ ಹೊರಟಿತ್ತು.

ಆ ಎಚ್ಚರಿಕೆ ಕೊಟ್ಟದ್ದು ಚಂಡೀಗಢದ ಡಿಜಿಆರ್‌ಇ, ಅಂದರೆ ಡಿಆರ್‌ಡಿಒಗೆ ಸೇರಿದ ಸಂಸ್ಥೆ. ಹಿಂದೆ 'ಸಾಸೆ' ಎಂಬ ಹೆಸರಿನಲ್ಲಿದ್ದ ಹಿಮ ಅಧ್ಯಯನ ಸಂಸ್ಥೆ 2020ರಲ್ಲಿ ಇದರೊಳಗೆ ಸೇರಿತು. ಯಾವ ಜಿಲ್ಲೆಯಲ್ಲಿ, ಎಷ್ಟು ಮೀಟರ್ ಎತ್ತರದ ಮೇಲೆ, ಯಾವ ಮಟ್ಟದ ಅಪಾಯ ಎಂದು ಅದು ಹೇಳುತ್ತದೆ. ಹೊರಡುವ ವಾರ ಪ್ರತಿ ಸಂಜೆ ಇದನ್ನು ನೋಡಿ. ಆದರೆ ಇದು ಜಿಲ್ಲೆಯ ಮಾತು, ನೀವು ನಿಂತ ಗುಡ್ಡದ ಮಾತಲ್ಲ. ಎಚ್ಚರಿಕೆ ಇದ್ದರೆ ಹೋಗಬೇಡಿ. ಎಚ್ಚರಿಕೆ ಇಲ್ಲದಿದ್ದರೆ ಎಲ್ಲ ಕ್ಷೇಮ ಎಂದೂ ಓದಬೇಡಿ. ಆಲ್ಪ್ಸ್‌ನಲ್ಲಿ ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತಾರೆ, ಅಲ್ಲಿ ಅತಿ ಹೆಚ್ಚು ಸಾವು ಸಂಭವಿಸುವುದು ಐದರಲ್ಲೂ ಅಲ್ಲ, ನಾಲ್ಕರಲ್ಲೂ ಅಲ್ಲ, ಮೂರರಲ್ಲಿ. ಐದು ಎಂದರೆ ಜನ ಮನೆಯಲ್ಲಿ ಉಳಿಯುತ್ತಾರೆ, ಮೂರು ಎಂದರೆ "ನೋಡೋಣ ನಡೀರಿ" ಎನ್ನುತ್ತಾರೆ.

ಮೇಲಿನ ಗುಡ್ಡ ನಿಮ್ಮನ್ನು ಮುಟ್ಟೀತೇ ಎಂದು ತಿಳಿಯಲು, ನಿಂತಲ್ಲಿಂದ ಮೇಲಿನ ಹಿಮದ ಇಳಿಜಾರಿನ ತುದಿಗೆ ಫೋನನ್ನು ಗುರಿಯಿಟ್ಟು ಕೋನ ನೋಡಿ. 20 ಡಿಗ್ರಿಗಿಂತ ಹೆಚ್ಚಿದ್ದರೆ ಅದು ನಿಮ್ಮ ತನಕ ಬರಬಲ್ಲದು ಎಂದೇ ತಿಳಿಯಿರಿ. ಅಲ್ಲಿ ಊಟಕ್ಕೆ ಕೂರಬೇಡಿ, ಡೇರೆ ಹಾಕಬೇಡಿ. ಕಾಡಿನ ನಡುವೆ ಮರವಿಲ್ಲದ ಉದ್ದನೆಯ ಪಟ್ಟಿ ಕಂಡರೆ, ಮರಗಳ ಮೇಲ್ಮಗ್ಗುಲಿನ ಕೊಂಬೆಗಳಷ್ಟೇ ಮುರಿದಿದ್ದರೆ, ಅದು ಹಿಮ ಇಳಿದುಬರುವ ಹಳೆಯ ದಾರಿ. ಕಿರಿದಾದ ನಾಲೆಗಳೂ ಬೇಡ, ಸಣ್ಣ ಕುಸಿತವೂ ಅಲ್ಲಿ ಆಳವಾಗಿ ತುಂಬಿಕೊಳ್ಳುತ್ತದೆ.

ಈ ಅಳತೆಗಳನ್ನು ನಿಮ್ಮ ದಾರಿಗೆ ಹಿಡಿದು ನೋಡಿ. ಧುಂಡಿಯಿಂದ ಬಕರ್‌ಥಾಚ್, ಅಲ್ಲಿಂದ ಕುಂಡ, ಇದು ಬೇಸಿಗೆಯಲ್ಲಿ ಹೂವಿನ ಹುಲ್ಲುಗಾವಲು, ಮಕ್ಕಳೂ ನಡೆಯುವ ದಾರಿ. ಯೂಟ್ಯೂಬಿನಲ್ಲಿ ನೀವು ನೋಡಿರುವುದು ಅದನ್ನೇ ಇರಬೇಕು. ಕಣಿವೆಯ ತಳ ಸಮವಾಗಿದೆ ನಿಜ. ಆದರೆ ಅದರ ಎರಡೂ ಬದಿಗೆ ಫ್ರೆಂಡ್‌ಶಿಪ್, ಹನುಮಾನ್ ಟಿಬ್ಬಾದಂಥ ಶಿಖರಗಳಿಂದ ಇಳಿಯುವ ಉದ್ದನೆಯ ಗುಡ್ಡಗಳಿವೆ. ತಳದಲ್ಲಿ ನಡೆಯುವವನು ಗಂಟೆಗಟ್ಟಲೆ ಅವುಗಳ ಬಾಯಿಯ ಕೆಳಗೇ ಇರುತ್ತಾನೆ. ಅಟಲ್ ಸುರಂಗದ ದಕ್ಷಿಣ ಬಾಗಿಲು ಇರುವುದು ಇದೇ ಧುಂಡಿಯ ಹತ್ತಿರ. ಅಲ್ಲಿಗೆ ಹೋಗುವ ರಸ್ತೆಗೂ ಹಿಮಕುಸಿತದಿಂದ ರಕ್ಷಣೆ ಕಟ್ಟಬೇಕಾಯಿತು. ಈ ಕಾರಣಕ್ಕೇ ಆ ಯೋಜನೆ ಬೇಡ ಎಂದು ಮೊದಲ ಸಾಲಿನಲ್ಲೇ ಹೇಳಿದೆ.

ನೀವು ಸಹಸ್ರತಾಲ್ ಹೆಸರೆತ್ತಿದ್ದೀರಿ. 2024ರ ಜೂನ್ ಆರಂಭದಲ್ಲಿ ಅಲ್ಲಿ ಕರ್ನಾಟಕದಿಂದ ಹೋಗಿದ್ದ ಒಂಬತ್ತು ಚಾರಣಿಗರು ತೀರಿಕೊಂಡದ್ದು ಹಿಮಕುಸಿತದಿಂದ ಅಲ್ಲ, ಹಿಮಗಾಳಿಯಿಂದ. ತಿಂಗಳು ಜೂನ್ ಎಂಬುದನ್ನು ಗಮನಿಸಿ. ದಾರಿ ಕಾಣದಷ್ಟು ಗಾಳಿ ಮತ್ತು ಹಿಮ ಎದ್ದು ಮರೆಯಿಲ್ಲದ ಬಯಲಲ್ಲಿ ಸಿಕ್ಕಿಕೊಂಡರೆ ಮೈಬಿಸಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಚಳಿಯ ಲೆಕ್ಕವನ್ನು ಪ್ರತ್ಯೇಕವಾಗಿ ಹಾಕಬೇಕು. ಹತ್ತಿಯ ಬಟ್ಟೆ ಬೇಡ, ಅದು ಒದ್ದೆಯಾದರೆ ಒಣಗುವುದಿಲ್ಲ. ಗಾಳಿ ತಡೆಯುವ ಹೊರಪದರ, ಒಂದು ಹೆಚ್ಚುವರಿ ಜೊತೆ ಕೈಗವಸು, ಇಡೀ ತಂಡ ಒಳಗೆ ಕೂರಬಹುದಾದ ಹಗುರ ಗುಡಾರದ ಬಟ್ಟೆ ಇರಲಿ. ಜೊತೆಯವರು ತೊದಲಿದರೆ, ಎಡವಿದರೆ, ಜಿಪ್ ಹಾಕಿಕೊಳ್ಳಲು ಬೆರಳು ಒದ್ದಾಡಿದರೆ ಅದು ಸುಸ್ತಲ್ಲ, ಮೈ ತಣ್ಣಗಾಗುತ್ತಿದೆ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. ಬೆಳಿಗ್ಗೆ ಸೂರ್ಯನ ಸುತ್ತ ಬಳೆ ಕಂಡು, ಎತ್ತರದ ತೆಳು ಮೋಡ ದಟ್ಟವಾಗುತ್ತ ಬಂದರೆ ಮುಂದಕ್ಕೆ ಹೋಗದೆ ಊರಿನ ಕಡೆ ತಿರುಗಿ.

ಇನ್ನು ದಾರಿ ತೋರಿಸುವ ಹುಡುಗ. ಸ್ಥಳೀಯರ ಅರಿವಿಗೆ ಬೆಲೆ ಕಟ್ಟಲಾಗದು, ಆದರೆ ಅದನ್ನು ಕೇಳುವ ರೀತಿ ಇದೆ. "ಹೋಗಬಹುದಲ್ವಾ ಭಯ್ಯಾ?" ಎಂದರೆ "ಹೋ ಜಾಯೇಗಾ" ಎಂಬ ಉತ್ತರವೇ ಬರುತ್ತದೆ, ಅವನ ಆ ವಾರದ ಸಂಪಾದನೆ ಅದರಲ್ಲಿದೆ. ಹೌದು, ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ. ಕೊನೆಯ ಹಿಮ ಯಾವಾಗ ಬಿತ್ತು, ಎಷ್ಟು ಬಿತ್ತು? ಗಾಳಿ ಯಾವ ಕಡೆಯಿಂದ ಬೀಸಿತು? ಈ ದಾರಿಯಲ್ಲಿ ಯಾವ ಯಾವ ನಾಲೆಯಿಂದ ಹಿಮ ಇಳಿಯುತ್ತದೆ? ಆ ಕಡೆಯ ಜನ ಹಿಮಕುಸಿತಕ್ಕೂ 'ಗ್ಲೇಸಿಯರ್' ಎನ್ನುವುದುಂಟು, ಹಾಗಾಗಿ "ಗ್ಲೇಸಿಯರ್ ಕಹಾಂ ಕಹಾಂ ಗಿರ್ತಾ ಹೈ?" ಎಂದೇ ಕೇಳಿ. ಹಳ್ಳಿಯ ಹಿರಿಯರೊಬ್ಬರ ಬಳಿ ಇದೇ ಪ್ರಶ್ನೆ ಕೇಳಿ ಎರಡು ಉತ್ತರ ತಾಳೆ ನೋಡಿ. ಆ ವಾರ ಚಾರಣಕ್ಕೆ ಜಿಲ್ಲಾಡಳಿತದ ನಿಷೇಧ ಇದೆಯೇ ಎಂದೂ ವಿಚಾರಿಸಿ, ಹಿಮ ಜೋರಾದಾಗ ಇಂಥ ಆದೇಶಗಳು ಬರುತ್ತವೆ.

ನಿಮ್ಮ ನಿಜವಾದ ತೊಂದರೆ ಹಿಮವೂ ಅಲ್ಲ, ಹುಡುಗನೂ ಅಲ್ಲ, ಆ ನಗು. ಇಯಾನ್ ಮೆಕ್ಯಾಮನ್ ಎಂಬ ಅಮೆರಿಕದ ಸಂಶೋಧಕ ಈ ಶತಮಾನದ ಮೊದಲ ವರ್ಷಗಳಲ್ಲಿ ನೂರಾರು ಹಿಮಕುಸಿತಗಳ ದಾಖಲೆ ಜಾಲಾಡಿದರು. ಅಪಾಯದ ಗುರುತುಗಳು ಕಣ್ಣೆದುರೇ ಇದ್ದರೂ, ತರಬೇತಿ ಪಡೆದವರೂ ಮುಂದಕ್ಕೆ ಹೋಗಿ ಸತ್ತಿದ್ದರು. ಅವರನ್ನು ತಳ್ಳಿದ ಕಾರಣಗಳು ಮನುಷ್ಯ ಸಹಜವಾದವು: ಪರಿಚಿತ ಜಾಗ ಎಂಬ ಧೈರ್ಯ, ಹೊರಟದ್ದನ್ನು ಮುಗಿಸಬೇಕೆಂಬ ಹಟ, ಗುಂಪಿನ ಮೆಚ್ಚುಗೆಯ ಆಸೆ, 'ಅನುಭವಸ್ಥ'ನ ಮೇಲಿನ ಭರವಸೆ, ಬೇರೆಯವರೂ ಹೋಗುತ್ತಿದ್ದಾರಲ್ಲ ಎಂಬ ಸಮಾಧಾನ. ನಿಮ್ಮ ಪತ್ರದಲ್ಲಿ ಟಿಕೆಟ್ಟು, ಅನುಭವಸ್ಥ ಸ್ನೇಹಿತ, ಎಲ್ಲರ ಜೊತೆ ನಕ್ಕ ನೀವು, ಮೂರೂ ಇವೆ.

ಗುಡ್ಡದ ಬುಡದಲ್ಲಿ, ಬೆಳಗಿನ ಐದು ಗಂಟೆಗೆ, ಎಲ್ಲರೂ ಶೂ ಬಿಗಿದು ನಿಂತಾಗ "ಬೇಡ" ಎನ್ನುವುದು ನಿಮ್ಮಿಂದಾಗದು, ನನ್ನಿಂದಲೂ ಆಗುವುದು ಕಷ್ಟ. ಆ ಮಾತನ್ನು ಈಗಲೇ ಆಡಿ ಮುಗಿಸಿ. ಸ್ನೇಹಿತನ ಜೊತೆ ಧೈರ್ಯದ ವಾದಕ್ಕೆ ಇಳಿಯಬೇಡಿ, ಗುಂಪಿಗೆ ಒಂದು ಬದಲಿ ಯೋಜನೆ ಮುಂದಿಡಿ. ಬೇಕಿದ್ದರೆ ಈ ಒಕ್ಕಣೆಯನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ:

"ಟಿಕೆಟ್ ಹಾಗೇ ಇರಲಿ, ನಾನೂ ಬರ್ತೀನಿ. ಆದರೆ ಐದು ಮಾತು ಎಲ್ಲರೂ ಈಗಲೇ ಒಪ್ಪಬೇಕು.
1. ಸೋಲಂಗ್‌ನಿಂದ ಮೇಲಿನ ಕಣಿವೆಗೆ ಹೋಗುವುದಿಲ್ಲ. ಮನಾಲಿ ಹತ್ತಿರದ ಸೇಥನ್ ಅಥವಾ ನಗ್ಗರ್‌ನಲ್ಲಿ ಉಳಿದು, ದಿನಾ ಸಂಜೆಗೆ ಊರಿಗೆ ವಾಪಸ್ ಬರುವ ಹಾಗೆ ಸ್ನೋಶೂ ನಡಿಗೆ ಮಾಡೋಣ.
2. ನಡೆಯುವ ಜಾಗ 25 ಡಿಗ್ರಿಗಿಂತ ಕಡಿಮೆ ಇರಬೇಕು, ಮೇಲೆ ಕಡಿದಾದ ಹಿಮದ ಗುಡ್ಡ ಇರಬಾರದು. ನಕ್ಷೆಯಲ್ಲಿ ನಾನು ಅಳೆದು ತೋರಿಸ್ತೀನಿ.
3. ಹಿಂದಿನ ದಿನ ಒಂದಡಿ ಹಿಮ ಬಿದ್ದಿದ್ದರೆ, ಕುಲ್ಲುಗೆ ಕಿತ್ತಳೆ ಅಥವಾ ಕೆಂಪು ಬಣ್ಣ ಬಂದಿದ್ದರೆ, ಡಿಜಿಆರ್‌ಇ ಎಚ್ಚರಿಕೆ ಇದ್ದರೆ ಅಂದು ಊರಲ್ಲೇ ಇರೋದು.
4. ಕಾಲಿಟ್ಟಾಗ ಹಿಮ 'ಧುಮ್' ಎಂದು ಕುಸಿದ ಸದ್ದು ಬಂದರೆ, ಬಿರುಕು ಓಡಿದರೆ, ಎಲ್ಲೇ ಆಗಲಿ ಹೊಸ ಹಿಮಕುಸಿತ ಕಂಡರೆ, ಚರ್ಚೆ ಇಲ್ಲದೆ ಬಂದ ಹೆಜ್ಜೆಯ ಮೇಲೇ ವಾಪಸ್.
5. ಯಾರೇ ಒಬ್ಬರು ಬೇಡ ಎಂದರೂ ಎಲ್ಲರೂ ವಾಪಸ್. ಕಾರಣ ಕೇಳುವ ಹಾಗಿಲ್ಲ, ಆಮೇಲೆ ಆಫೀಸಿನಲ್ಲಿ ಆಡಿಕೊಳ್ಳುವ ಹಾಗೂ ಇಲ್ಲ."

ಐದನೆಯದಕ್ಕೆ ಹೆಚ್ಚು ಒತ್ತು ಕೊಡಿ. ಉಳಿದ ನಾಲ್ಕನ್ನು ಮರೆತ ದಿನವೂ ಅದೊಂದು ನಿಮ್ಮನ್ನು ಕಾಯಬಲ್ಲದು. ಸೇಥನ್, ನಗ್ಗರ್ ಎಂದ ಕೂಡಲೇ ಎಲ್ಲ ಗುಡ್ಡವೂ ಸುರಕ್ಷಿತ ಎಂದಲ್ಲ, ಅಲ್ಲಿಯೂ ಕೋನ ಅಳೆದೇ ಕಾಲಿಡಬೇಕು. ಮುಂದೆಂದಾದರೂ ಬಿಯಾಸ್ ಕುಂಡದ ಚಳಿಗಾಲವನ್ನೇ ನೋಡಬೇಕೆಂದಿದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಲ್ಲೋ ಉತ್ತರಕಾಶಿಯ ನೆಹರು ಸಂಸ್ಥೆಯಲ್ಲೋ ಮೊದಲ ಹಂತದ ಕೋರ್ಸ್ ಮಾಡಿ. ಸುಮಾರು ನಾಲ್ಕು ವಾರದ ರಜೆ ಬೇಕು. ಅದರ ನಂತರವೂ ಹಿಮವನ್ನು ಬಲ್ಲ ಮಾರ್ಗದರ್ಶಿಯ ಜೊತೆಗೇ ಹೋಗುವುದು.

ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು. ನೀವು ಹೋದರೂ ಬಿಟ್ಟರೂ ಅದು ಈಗಾಗಲೇ ಖರ್ಚಾದ ಹಣ. ಮುಂದಿನ ನಿರ್ಧಾರದಲ್ಲಿ ಅದಕ್ಕೆ ಓಟು ಕೊಡಬೇಡಿ.

ಅಮ್ಮನಿಗೆ "ಏನೂ ಆಗಲ್ಲ ಬಿಡಮ್ಮ" ಎನ್ನಬೇಡಿ, ಆ ಮಾತನ್ನು ಯಾವ ತಾಯಿಯೂ ನಂಬುವುದಿಲ್ಲ. ಎಲ್ಲಿ ಉಳಿಯುತ್ತೀರಿ, ದಿನಾ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ, ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಮೇಲಿನ ಐದು ಮಾತನ್ನೂ ಓದಿ ಹೇಳಿ. ನಿಮ್ಮ ಗುಂಪು ಅವನ್ನು ಒಪ್ಪಿದರೆ ಅಮ್ಮನೂ ಒಪ್ಪುವ ಸಾಧ್ಯತೆ ಇದೆ. ಗುಂಪು ಒಪ್ಪದಿದ್ದರೆ ಅವರ ಜೊತೆ ಹೋಗಬೇಡಿ. ಮನೆಯಲ್ಲಿ ಕೂತು ಒಪ್ಪದವರು ಮೂರು ಸಾವಿರ ಮೀಟರ್ ಎತ್ತರದಲ್ಲಿ ನಿಂತು ಒಪ್ಪುವುದಿಲ್ಲ.